ಮಗುವನ್ನು ನೋಡುವುದೇ, ತೂಗುವುದೇ?

ಎಲ್‌ಕೆಜಿಯಲ್ಲಿರುವ ಮಗುವಿನ ಪ್ರಗತಿಪತ್ರ ಕೈಗೆ ಬಂದೊಡನೆ ನೀವು ಮೊದಲು ವಿಚಾರಿಸುವುದೇನು? ಪಕ್ಕದ ಮನೆಯ ಮಗುವಿಗೆ ಏನು ಬಂದಿದೆ ಎಂದಲ್ಲವೇ? ನಾಲ್ಕು ವರ್ಷದ ಕೂಸಿನ ಮೇಲೆ ತೀರ್ಪು ಬರೆಯುವ ಹಕ್ಕು ನಮಗೆ ಯಾರು ಕೊಟ್ಟರು ಎಂದು ಕೇಳುವವರು ಕಡಿಮೆ.

1907ರ ಜನವರಿ 6ರಂದು, ಮೂರು ರಾಯರ ಹಬ್ಬದ ದಿನವೇ, ವೈದ್ಯೆಯಾಗಿದ್ದ ಮರಿಯ ಮಾಂಟೆಸರಿ ರೋಮ್ ನಗರದ ಸ್ಯಾನ್ ಲೊರೆಂಜೊ ಎಂಬ ಬಡ ಕೂಲಿಕಾರರ ಬಡಾವಣೆಯಲ್ಲಿ 'ಮಕ್ಕಳ ಮನೆ'ಯನ್ನು ತೆರೆದರು. ಆಕೆ ಬರೆದಿಟ್ಟ ಒಂದು ಪ್ರಸಂಗವಿದೆ. ಸುಮಾರು ಮೂರು ವರ್ಷದ ಹುಡುಗಿಯೊಬ್ಬಳು ಬೇರೆ ಬೇರೆ ಗಾತ್ರದ ಮರದ ಗೂಟಗಳನ್ನು ಅವುಗಳ ಕುಳಿಗಳಲ್ಲಿ ಕೂರಿಸುವುದು, ತೆಗೆಯುವುದು, ಮತ್ತೆ ಕೂರಿಸುವುದರಲ್ಲಿ ಮುಳುಗಿದ್ದಳು. ಸುತ್ತಲಿನ ಮಕ್ಕಳಿಂದ ಹಾಡಿಸಿದರು. ಅವಳು ತಲೆ ಎತ್ತಲಿಲ್ಲ. ಅವಳನ್ನು ಕುರ್ಚಿಯ ಸಮೇತ ಎತ್ತಿ ಮೇಜಿನ ಮೇಲಿಟ್ಟರು. ಗೂಟಗಳನ್ನು ಮಡಿಲಿಗೆ ಎಳೆದುಕೊಂಡು ಮುಂದುವರಿಸಿದಳು. ನಲವತ್ತಕ್ಕೂ ಹೆಚ್ಚು ಸಲ ಆದ ಮೇಲೆ, ಒಳ್ಳೆಯ ನಿದ್ದೆ ಮುಗಿಸಿ ಎದ್ದವಳಂತೆ ನಿಲ್ಲಿಸಿದಳು.

ನಮ್ಮ ಪ್ರಗತಿಪತ್ರದಲ್ಲಿ ಈ ಹುಡುಗಿಗೆ ಏನು ಸಿಗುತ್ತಿತ್ತು? 'ಸಾಮೂಹಿಕ ಗಾಯನದಲ್ಲಿ ಭಾಗವಹಿಸುವುದಿಲ್ಲ, ಸಿ.' ಮಾಂಟೆಸರಿಯವರು ತೀರ್ಪು ಬರೆಯಲಿಲ್ಲ, ಎಣಿಸಿದರು. ಆದ್ದರಿಂದಲೇ ಅವರ ಕಣ್ಣಿಗೆ ಬೇರೇನೋ ಬಿತ್ತು.

ಹಾಗಾದರೆ ಮಕ್ಕಳನ್ನು ಅಳೆಯುವುದೇ ತಪ್ಪೇ? ಅಲ್ಲ. ಎರಡು ವರ್ಷ ತುಂಬಿದರೂ ಎರಡು ಪದ ಕೂಡಿಸಿ ಮಾತಾಡದ ಮಗುವನ್ನು ತೋರಿಸಿ "ಇವನ ಅಜ್ಜನೂ ಹೀಗೇ ತಡವಾಗಿ ಮಾತು ಕಲಿತದ್ದು" ಎನ್ನುತ್ತೇವೆ. ಅಜ್ಜನ ವಿಷಯ ನಿಜವಿರಬಹುದು. ಮಗುವಿಗೆ ಕಿವಿ ಕೇಳದೆಯೂ ಇರಬಹುದು. ಪರೀಕ್ಷೆಗೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ ಇದೆ. ಜನ ಏನೆನ್ನುವರೋ ಎಂದು ಅಲ್ಲಿಗೆ ಹೋಗದೆ ಉಳಿಯುವುದಕ್ಕೆ ಪ್ರೀತಿ ಎಂದು ಹೆಸರಿಡಬೇಡಿ. ಅಂಗನವಾಡಿಯ ತೂಕದ ಚಾರ್ಟು ಇರುವುದೂ ಇದಕ್ಕೇ: ಗೆರೆ ಕೆಳಗಿಳಿದರೆ ಯಾರಾದರೂ ಏನಾದರೂ ಮಾಡಬೇಕು. ಆ ಗೆರೆಯಲ್ಲಿ ಮೊದಲನೆಯವನು, ಕೊನೆಯವನು ಎಂಬುದಿಲ್ಲ.

ಪರರ ಬಗ್ಗೆ ಸಾಕಷ್ಟು ಆಧಾರವಿಲ್ಲದೆ ಕೆಟ್ಟದ್ದನ್ನು ನಂಬುವುದು 'ಆತುರದ ತೀರ್ಪು', ಎಂಟನೆಯ ಕಟ್ಟಳೆಗೆ ವಿರುದ್ಧ ಎಂದು ಧರ್ಮಸಭೆ ಕಲಿಸುತ್ತದೆ. ನಾವು ಇದನ್ನು ದೊಡ್ಡವರ ಚಾಡಿಮಾತಿಗಷ್ಟೇ ಅನ್ವಯಿಸಿಕೊಂಡಿದ್ದೇವೆ. 'ಮಂದ', 'ಹಟಮಾರಿ' ಎಂದು ನಾಲ್ಕರ ಮಗುವಿನ ಹೆಸರಿನ ಮುಂದೆ ಬರೆದರೆ, ಅದು ಎದುರು ನಿಂತು ಉತ್ತರ ಕೊಡಲಾರದು. ಮುಂದಿನ ತರಗತಿಯ ಶಿಕ್ಷಕಿ ಮಗುವಿಗಿಂತ ಮೊದಲು ಆ ಪದವನ್ನು ಭೇಟಿಯಾಗುತ್ತಾರೆ.

2022ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೂಡ ಮೂರರಿಂದ ಆರು ವರ್ಷದವರಿಗೆ ಪರೀಕ್ಷೆಗಳು ತಕ್ಕುದಲ್ಲ ಎಂದು ಸ್ಪಷ್ಟವಾಗಿ ಹೇಳಿದೆ. ಮಗುವನ್ನು ಗಮನಿಸಿ, ಅದು ಬರೆದದ್ದು, ಮಾಡಿದ್ದನ್ನು ನೋಡಿ ತಿಳಿಯಬೇಕಂತೆ. ಕಾಗದದ ಮೇಲೆ ಚೆನ್ನಾಗಿದೆ. ಒಬ್ಬ ಶಿಕ್ಷಕಿಯ ಮುಂದೆ ನಲವತ್ತು ಮಕ್ಕಳನ್ನು ಕೂರಿಸಿ 'ಗಮನಿಸು' ಎಂದರೆ ಆಕೆ ಏನು ಮಾಡಿಯಾರು? ನಮ್ಮ ಶಾಲೆಗಳನ್ನು ನಡೆಸುವವರೂ ಇದನ್ನು ಯೋಚಿಸಲಿ.

ಮುಂದಿನ ಪೋಷಕರ ಸಭೆಗೆ ಹೋದಾಗ "ನಮ್ಮವಳು ಎಷ್ಟನೆಯವಳು?" ಎಂದು ಕೇಳಬೇಡಿ. "ಕತೆ ಹೇಳುವಾಗ ಎಷ್ಟು ಹೊತ್ತು ಕೂರುತ್ತಾಳೆ? ಎದ್ದು ಹೋದರೆ ಎಲ್ಲಿಗೆ ಹೋಗುತ್ತಾಳೆ, ಅಲ್ಲಿ ಏನು ನೋಡುತ್ತಾಳೆ?" ಎಂದು ಕೇಳಿ. ಟೀಚರಿಗೆ ಉತ್ತರ ಗೊತ್ತಿರದಿದ್ದರೆ ಸಿಟ್ಟಾಗಬೇಡಿ. ಒಂದು ವಾರ ಬಿಟ್ಟು ಮತ್ತೆ ಕೇಳಿ.