ಆಹಾರದ ಮರ್ಯಾದೆ

ಶ್ರಾವಕನ ಅಡುಗೆಮನೆಯಲ್ಲಿ 'ಮರ್ಯಾದೆ' ಎಂಬ ಮಾತಿಗೆ ಒಂದು ವಿಶೇಷಾರ್ಥವುಂಟು. ಪದಾರ್ಥವು ಎಷ್ಟು ಕಾಲದವರೆಗೆ ಭಕ್ಷಣಯೋಗ್ಯವಾಗಿ ಉಳಿಯುವುದೋ ಆ ಕಾಲದ ಎಲ್ಲೆಯೇ ಅದರ ಮರ್ಯಾದೆ. ಬೀಸಿದ ಹಿಟ್ಟಿಗೆ ಮಳೆಗಾಲದಲ್ಲಿ 3 ದಿನ, ಬೇಸಿಗೆಯಲ್ಲಿ 5 ದಿನ, ಚಳಿಗಾಲದಲ್ಲಿ 7 ದಿನ. ಸೋಸಿದ ನೀರಿಗೆ ಒಂದು ಮುಹೂರ್ತ, ಅಂದರೆ 48 ನಿಮಿಷ. ಚೆನ್ನಾಗಿ ಕುದಿಸಿದ ನೀರಿಗೆ 24 ಗಂಟೆ. ಈ ಎಲ್ಲೆ ಮೀರಿದ ಬಳಿಕ ಅದರಲ್ಲಿ ಸೂಕ್ಷ್ಮ ಜೀವಗಳು ಹುಟ್ಟುತ್ತವೆ, ಅದನ್ನುಂಡವನು ಹಿಂಸೆಗೆ ಪಾಲುಗಾರನಾಗುತ್ತಾನೆ ಎಂಬುದು ಪರಂಪರೆಯ ನಿರ್ಣಯ. ಇಂದು ಹುಬ್ಬಳ್ಳಿ-ಧಾರವಾಡದ ಅಂಗಡಿಗಳಲ್ಲಿ ದೊರೆಯುವ ಹಿಟ್ಟಿನ ಪೊಟ್ಟಣದ ಮೇಲೆ ತಿಂಗಳುಗಟ್ಟಲೆ ಅವಧಿ ಅಚ್ಚಾಗಿರುತ್ತದೆ. ಅದು ವ್ಯಾಪಾರದ ಮರ್ಯಾದೆ; ಜೀವದಯೆಯ ಲೆಕ್ಕ ಅದರಲ್ಲಿಲ್ಲ.

ಸಂಸ್ಕರಿಸದ, ಸ್ವಚ್ಛವಾದ ಆಹಾರವನ್ನೇ ಉಣ್ಣಬೇಕೆಂಬ ಉಪದೇಶ ಈಗ ವೈದ್ಯರ ಬಾಯಲ್ಲಿಯೂ ಕೇಳಿಬರುತ್ತಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ಹೊರಡಿಸಿದ ಆಹಾರ ಮಾರ್ಗಸೂಚಿಯೂ ಅತಿಯಾಗಿ ಸಂಸ್ಕರಿಸಿದ ತಿನಿಸುಗಳನ್ನು ಮಿತಗೊಳಿಸಬೇಕೆಂದಿದೆ. ಇದನ್ನು ಕೇಳಿ, "ನಮ್ಮ ಆಚಾರ್ಯರು ಎಂದೋ ಇದನ್ನೇ ಹೇಳಿದ್ದಾರೆ" ಎಂದು ಹಿಗ್ಗುವ ಶ್ರಾವಕರುಂಟು. ಹಿಗ್ಗುವ ಮುನ್ನ ಭೇದವನ್ನು ಅರಿಯುವುದೊಳಿತು. ಹಸಿ ತರಕಾರಿ, ಮೊಳಕೆ ಬಂದ ಕಾಳು ಇವು ಆರೋಗ್ಯಶಾಸ್ತ್ರದ ದೃಷ್ಟಿಯಿಂದ ಶುದ್ಧಾಹಾರ. ಜೈನದೃಷ್ಟಿಯಿಂದ ಸಚಿತ್ತ, ಜೀವಸಹಿತವಾದದ್ದು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಭೋಗೋಪಭೋಗ ಪರಿಮಾಣ ವ್ರತದ ಅತಿಚಾರಗಳನ್ನು ಎಣಿಸುವಾಗ ಸಚಿತ್ತಾಹಾರವನ್ನೂ ಸರಿಯಾಗಿ ಬೇಯದ ಆಹಾರವನ್ನೂ ಒಂದೇ ಸಾಲಿನಲ್ಲಿ ಸೇರಿಸಿದ್ದಾರೆ. ಹನ್ನೊಂದು ಪ್ರತಿಮೆಗಳಲ್ಲಿ ಐದನೆಯದು ಸಚಿತ್ತತ್ಯಾಗವೇ ಆಗಿದೆ. ಆದುದರಿಂದ ಬೆಂಕಿ, ಸೋಸುವ ಬಟ್ಟೆ, ಆರಿಸುವ ಕೈ ಇವು ಆಹಾರವನ್ನು ಕೆಡಿಸುವುದಿಲ್ಲ; ಯೋಗ್ಯವನ್ನಾಗಿಸುತ್ತವೆ. ಯಾರು, ಯಾವಾಗ, ಯಾವ ನೀರಿನಿಂದ ಮಾಡಿದರೆಂದು ತಿಳಿಯದಿರುವುದೇ ಸಿದ್ಧ ಆಹಾರದ ದೊಡ್ಡ ದೋಷ.

ಪೊಟ್ಟಣದ ಮೇಲಿನ ಹಸಿರು ಚುಕ್ಕೆಯನ್ನು ನೋಡಿ ನಿಶ್ಚಿಂತರಾಗುವವರು ಒಂದು ಸಂಗತಿಯನ್ನು ಮನಗಾಣಬೇಕು. ಆಹಾರ ಪ್ರಾಧಿಕಾರದ 2020ರ ನಿಯಮವು ಮಾಂಸಾಹಾರದ ವ್ಯಾಖ್ಯೆಯಿಂದ ಹಾಲನ್ನು ಹೊರಗಿಟ್ಟಂತೆಯೇ ಜೇನನ್ನೂ ಜೇನುಮೇಣವನ್ನೂ ಕೀಟಜನ್ಯವಾದ ಅರಗನ್ನೂ ಹೊರಗಿಟ್ಟಿದೆ. ಎಂದರೆ ಹಸಿರು ಚುಕ್ಕೆಯ ಬಿಸ್ಕತ್ತಿನಲ್ಲಿ ಜೇನು ಇರಬಹುದು, ಮಿಠಾಯಿಯ ಹೊಳಪಿನಲ್ಲಿ ಅರಗಿರಬಹುದು. ಮದ್ಯ, ಮಾಂಸ, ಮಧುಗಳ ತ್ಯಾಗದಿಂದಲೇ ಶ್ರಾವಕತ್ವದ ಅಕ್ಷರಾಭ್ಯಾಸವಾಗುವುದು. ಕಂದಮೂಲದ ಮಾತಂತೂ ಆ ಚುಕ್ಕೆಗೆ ಗೊತ್ತೇ ಇಲ್ಲ. ಸರ್ಕಾರವನ್ನು ದೂರಿ ಫಲವಿಲ್ಲ. ಆ ಗುರುತು ಜೈನರ ಸಲುವಾಗಿ ಹುಟ್ಟಿದ್ದಲ್ಲ.

ನೀರಿನ ಪ್ರಶ್ನೆ ಇನ್ನೂ ಕಠಿಣ. ಇಮ್ಮಡಿ ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲುಳಿದ ಜೀವಗಳನ್ನು ನೀರು ತಂದ ತಾವಿಗೇ ಮೆಲ್ಲನೆ ಮರಳಿಸುವುದು ವಿಧಿ. ಸವದತ್ತಿಯ ಬಳಿಯ ಮಲಪ್ರಭೆಯ ಜಲಾಶಯದಿಂದ ಕೊಳವೆಯಲ್ಲಿ ಬಂದ ನೀರನ್ನು ಎಲ್ಲಿಗೆ ಮರಳಿಸುವುದು? ವ್ರತಿಗಳು ಇಂದಿಗೂ ಬಾವಿಯನ್ನು ಹುಡುಕುವುದು ಈ ಕಾರಣದಿಂದಲೇ. ಬಾವಿಯಿಲ್ಲದ ಗೃಹಸ್ಥನು ಸೋಸುವುದನ್ನಾದರೂ ಬಿಡಬಾರದು. ಯಂತ್ರವೇ ಶುದ್ಧಮಾಡಿದೆಯಲ್ಲ ಎನ್ನುವುದು ಉತ್ತರವಾಗದು. ಯಂತ್ರವು ಕುಡಿಯುವವನನ್ನು ಕಾಯುತ್ತದೆ, ಬಟ್ಟೆಯು ನೀರಿನಲ್ಲಿರುವ ಜೀವವನ್ನೂ ಕಾಯುತ್ತದೆ.

ಇಷ್ಟೆಲ್ಲ ನಿಯಮ ಯಾತಕ್ಕೆಂದು ತರುಣರು ಕೇಳುವುದುಂಟು. ಅದರ ಬೆಲೆ ತಿಳಿಯುವುದು ಆಹಾರದಾನದ ದಿನ. ವರೂರಿನ ನವಗ್ರಹ ತೀರ್ಥಕ್ಕೋ ನಗರದ ಬಸದಿಗೋ ಮುನಿಸಂಘ ಬಂದಿತೆಂದರೆ ಮನೆಮನೆಗಳಲ್ಲಿ ಸಂಭ್ರಮವೇಳುತ್ತದೆ. ಅಟ್ಟದ ಮೇಲಿನ ಪಾತ್ರೆಗಳು ಕೆಳಗಿಳಿಯುತ್ತವೆ, ಹೊಸ ಹಿಟ್ಟು ಬರುತ್ತದೆ, ಅಡುಗೆಮನೆಯೆಲ್ಲ ತೊಳೆದು ಚೌಕ ಸಿದ್ಧವಾಗುತ್ತದೆ. ಭಕ್ತಿ ಶ್ಲಾಘನೀಯವೇ. ಆದರೆ ಮುನಿಗಳ ಆಹಾರಕ್ಕೆ ಹೇಳಿದ 46 ದೋಷಗಳಲ್ಲಿ ದಾತಾರನನ್ನು ಆಶ್ರಯಿಸಿದ ಉದ್ಗಮ ದೋಷಗಳು 16. ಮೂಲಾಚಾರದ ಎಣಿಕೆಯಲ್ಲಿ ಅವುಗಳ ಮೊದಲಿಗೇ ನಿಲ್ಲುವುದು ಔದ್ದೇಶಿಕ, ಅಂದರೆ ಮುನಿಯನ್ನುದ್ದೇಶಿಸಿಯೇ ಮಾಡಿದ ಆಹಾರ. ಗೃಹಸ್ಥನು ತನಗಾಗಿ ಮಾಡಿಕೊಂಡ ಶುದ್ಧಾಹಾರದಲ್ಲಿ ಒಂದು ಪಾಲು ಮುನಿಯ ಕರಪಾತ್ರೆಗೆ ಸಲ್ಲಬೇಕು. ವರ್ಷದ ಮುನ್ನೂರು ದಿನ ಪೊಟ್ಟಣ ಒಡೆದು ಉಂಡ ಮನೆಯವರು ಆ ಒಂದು ದಿನ ಬಾಗಿಲಲ್ಲಿ ಕಲಶ ಹಿಡಿದು ನಿಂತು, ತಮ್ಮ ಮನ, ವಚನ, ಕಾಯಗಳೂ ಆಹಾರಜಲಗಳೂ ಶುದ್ಧವೆಂದು ನುಡಿಯುವಾಗ, ಆ ನುಡಿಗೆ ಆಧಾರವೇನು? ಮುನಿಯು ದಾತಾರನ ಮಾತನ್ನು ನಂಬಿ ಅಂಜಲಿ ಒಡ್ಡುತ್ತಾನೆ. ಆ ನಂಬಿಕೆಗೆ ತಕ್ಕುದಾಗಿ ನಡೆಯುವುದು ಹಿಟ್ಟಿನ ಡಬ್ಬಿಯಿಂದಲೇ ಆರಂಭವಾಗಬೇಕು.

ಹಾಗೆಂದು ಎಲ್ಲವನ್ನೂ ಒಮ್ಮೆಗೇ ಬಿಟ್ಟೇನೆಂದು ಹೊರಟು ತಿಂಗಳೊಳಗೆ ಸೋಲುವುದು ಜಾಣತನವಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಅಲ್ಪಫಲವೂ ಬಹುಘಾತವೂ ಆದ ಮೂಲಂಗಿ, ಹಸಿಶುಂಠಿ, ಬೆಣ್ಣೆ ಮೊದಲಾದುವುಗಳನ್ನು ವರ್ಜ್ಯವೆಂದು ಹೇಳಿದ ತರುವಾಯ, ಸೇವನೆಗೆ ಯೋಗ್ಯವಾದುದನ್ನೂ ಸಂಕಲ್ಪಪೂರ್ವಕವಾಗಿ ಬಿಡುವುದೇ ವ್ರತವೆಂದಿದ್ದಾರೆ. ವೈದ್ಯರ ಅಂಜಿಕೆಯಿಂದ ಕರಿದ ತಿಂಡಿ ಬಿಟ್ಟವನಿಗೆ ಆರೋಗ್ಯ ಲಭಿಸೀತು, ವ್ರತ ಲಭಿಸದು. ಕಾಲಮಿತಿಯುಳ್ಳ ತ್ಯಾಗವು ನಿಯಮ, ಜೀವನಪರ್ಯಂತದ ತ್ಯಾಗವು ಯಮ. ಒಂದು ದಿನ, ಒಂದು ಪಕ್ಷ, ಒಂದು ಋತು ಎಂದು ಎಲ್ಲೆ ಗೊತ್ತುಮಾಡಿಕೊಳ್ಳಲು ಆಚಾರ್ಯರೇ ದಾರಿಬಿಟ್ಟಿದ್ದಾರೆ. ಧಾರವಾಡದ ವಸತಿಗೃಹದಲ್ಲಿರುವ ವಿದ್ಯಾರ್ಥಿಗೆ ಅಷ್ಟಮಿ-ಚತುರ್ದಶಿಗಳಲ್ಲಿ ಅಂಗಡಿಯ ತಿನಿಸು ಬೇಡವೆಂಬ ನಿಯಮ ಸಾಧ್ಯ. ರೋಗಿಗಳೂ ವೃದ್ಧರೂ ತಮ್ಮ ಶಕ್ತಿಯನ್ನರಿತು ಹಿಡಿಯಲಿ.

ಸಂಸಾರವಂದಿಗರು ಈ ಚಾತುರ್ಮಾಸದ ಮಟ್ಟಿಗೆ ಪೊಟ್ಟಣದ ಹಿಟ್ಟನ್ನು ಬಿಟ್ಟು ನೋಡಬಹುದು. ಮಳೆಗಾಲದ ಮರ್ಯಾದೆಯಂತೆ ವಾರಕ್ಕೆ ಎರಡು-ಮೂರು ಸಲ ಜೋಳ ಬೀಸಬೇಕಾಗುವುದು. ಬೀಸುಕಲ್ಲಿನ ಕಾಲ ಹೋದರೂ ಮನೆಯಲ್ಲೇ ಇಟ್ಟುಕೊಳ್ಳುವ ಸಣ್ಣ ವಿದ್ಯುತ್ ಗಿರಣಿಗಳು ಬಂದಿವೆ. ಆದರೆ ಕಾಳನ್ನು ಹಸನು ಮಾಡುವ ಕೆಲಸವನ್ನು ಯಾವ ಗಿರಣಿಯೂ ಮಾಡದು; ಹುಳವೊಂದು ಕಂಡರೆ ಎತ್ತಿ ಬದಿಗಿಡುವ ಕಣ್ಣು ಬೇಕು. ಅದು ಸೊಸೆಯೊಬ್ಬಳ ಪಾಲಿಗೇ ಬೀಳದಂತೆ, ನಿಯಮ ಹಿಡಿದ ಮನೆಯ ಗಂಡಸರೂ ಮೊರದ ಮುಂದೆ ಕುಳಿತುಕೊಳ್ಳಲಿ.