ಕಂತಿನ ಫೋನು, ಸಾಲವಿಲ್ಲದ ಸುಖ


*ಇಂದಿನ ಧಮ್ಮ ಚಿಂತನೆ*



ಕಳೆದ ಭಾನುವಾರ ನುಗ್ಗೇಹಳ್ಳಿಯಲ್ಲಿ ತ್ರಿಸರಣ, ಪಂಚಶೀಲ ಮುಗಿದು ಎಲ್ಲರೂ ಟೀ ಕುಡಿಯುತ್ತಿದ್ದಾಗ ನಮ್ಮ ಕೇರಿಯ ಹುಡುಗನೊಬ್ಬ ನನ್ನನ್ನು ಪಕ್ಕಕ್ಕೆ ಕರೆದ. ತೋಟಗಳಿಗೆ ಕಾಯಿ ಸುಲಿಯಲು ಹೋಗುವ ಹುಡುಗ. ದುಡಿಮೆಗಾರ, ದುಶ್ಚಟ ಇಲ್ಲ.

"ಮಾವ, ಒಂದು ಫೋನ್ ನೋಡಿವ್ನಿ. ಇಪ್ಪತ್ನಾಲ್ಕು ಸಾವ್ರ. ಈಗ ಕೈಯಿಂದ ಏನೂ ಕೊಡೋದ್ ಬ್ಯಾಡ್ವಂತೆ. ತಿಂಗಳಿಗೆ ಎರಡೇ ಸಾವ್ರ, ಒಂದು ವರ್ಷ. ಬಡ್ಡೀನೂ ಇಲ್ವಂತೆ. ತಗೊಳ್ಳಲಾ?"

"ಎರಡು ಸಾವಿರ ಎಲ್ಲಿಂದ ತರ್ತೀಯಪ್ಪ?"

"ಅವ್ವಂಗೆ ಗೃಹಲಕ್ಷ್ಮಿ ಬರ್ತದಲ್ಲ."

ಆಸೆಯೇ ದುಃಖಕ್ಕೆ ಮೂಲ ಎಂದು ಹೇಳಿ ಕಳಿಸಿಬಿಡಬಹುದಿತ್ತು. ಅದು ಸುಲಭ. ಆದರೆ ಅನ್ಯಾಯ ಕೂಡ. ನಮ್ಮ ಹಿರಿಯರು ಒಳ್ಳೆಯ ಬಟ್ಟೆ ಹಾಕಿದರೆ, ಕಾಲಿಗೆ ಚಪ್ಪಲಿ ಮೆಟ್ಟಿದರೆ ಸಹಿಸದ ಊರುಗಳಿದ್ದವು. 1927ರ ಡಿಸೆಂಬರಿನಲ್ಲಿ ಮಹಾಡ್‌ನಲ್ಲಿ ಬಾಬಾಸಾಹೇಬರು ನಮ್ಮ ತಾಯಂದಿರಿಗೆ, ಕೀಳೆಂದು ಗುರುತು ಹಚ್ಚುವ ಉಡುಗೆ ತೊಡುಗೆ ಬಿಡಿ, ಎಲ್ಲರಂತೆ ಸೀರೆ ಉಡಿ ಎಂದಿದ್ದರು. ಅಂಥವರ ಮಕ್ಕಳು ಕೈಯಲ್ಲಿ ಒಳ್ಳೆಯ ಫೋನು ಹಿಡಿಯುವುದು ತಪ್ಪಲ್ಲ. ವಿದ್ಯಾರ್ಥಿವೇತನದ ಅರ್ಜಿ, ಒಟಿಪಿ, ಕೂಲಿ ದುಡ್ಡು ಎಲ್ಲವೂ ಅದರಲ್ಲೇ ಬರುವ ಕಾಲ ಇದು. ಭಗವಾನ್ ಬುದ್ಧರೂ ಸಂಸಾರಸ್ಥರಿಗೆ ಬಡತನವನ್ನು ಎಂದೂ ಹೊಗಳಲಿಲ್ಲ. ಅಂಗುತ್ತರ ನಿಕಾಯದ ಇಣ ಸುತ್ತದಲ್ಲಿ, ಬಡತನ ಗೃಹಸ್ಥನಿಗೆ ದುಃಖವೇ ಎನ್ನುತ್ತಾರೆ. ಇಣ ಎಂದರೆ ಸಾಲ. ಅಲ್ಲಿಂದ ಮುಂದಕ್ಕೆ ಒಂದೊಂದೇ ಕೊಂಡಿ ಜೋಡಿಸುತ್ತಾ ಹೋಗುತ್ತಾರೆ. ಬಡವ ಸಾಲ ಮಾಡುತ್ತಾನೆ. ಸಾಲಕ್ಕೆ ಬಡ್ಡಿ ಒಪ್ಪುತ್ತಾನೆ. ಬಡ್ಡಿ ಕಟ್ಟದಿದ್ದರೆ ಬಂದು ಕೇಳುತ್ತಾರೆ. ಆಮೇಲೆ ಹಿಂದೆ ಹಿಂದೆಯೇ ಬರುತ್ತಾರೆ. ಕಡೆಗೆ ಕಟ್ಟಿಹಾಕುತ್ತಾರೆ.

ಎರಡೂವರೆ ಸಾವಿರ ವರ್ಷದ ಹಿಂದಿನ ಮಾತು ಇದು. ನಮ್ಮ ಕೇರಿಗಳ ಬಾಗಿಲಲ್ಲಿ ಕುಳಿತು ವಾರದ ಕಂತು ಕೇಳುವವರ ಕಾಟ ತಡೆಯಲೆಂದು ಕರ್ನಾಟಕ ಸರ್ಕಾರ ಸುಗ್ರೀವಾಜ್ಞೆ ತಂದದ್ದು 2025ರ ಫೆಬ್ರವರಿಯಲ್ಲಿ!

ನನ್ನದೂ ಒಂದು ಕಥೆ ಇದೆ, ಹುಡುಗನಿಗೂ ಹೇಳಿದೆ. ಮಗ ಕಾಲೇಜು ಸೇರಿದಾಗ ಹಟ ಮಾಡಿದ ಅಂತ ಕಂತಿನಲ್ಲಿ ಫೋನು ಕೊಡಿಸಿದೆ. ಮೂರನೇ ತಿಂಗಳು ನನಗೆ ಜ್ವರ, ಕೆಲಸ ಇಲ್ಲ. ಕಂತು ತಪ್ಪಿತು, ದಂಡ ಬಿತ್ತು, ಬ್ಯಾಂಕಿನವರು ಬೇರೆ ಹಿಡಿದರು. ದಿನಕ್ಕೆ ಹತ್ತು ಸಲ ಕರೆ. ವಿಚಿತ್ರ ನೋಡಿ, ಆ ಕರೆಗಳು ಬರುತ್ತಿದ್ದದ್ದೂ ಫೋನಿಗೇ. ಕಡೆಗೆ ಮನೆಯಾಕೆ ಮಾತಾಡದೆ ಕಿವಿಯ ಓಲೆ ಬಿಚ್ಚಿಕೊಟ್ಟಳು. ಅದನ್ನು ಗಿರವಿಯಿಂದ ಬಿಡಿಸಲು ಎರಡು ವರ್ಷ ಹಿಡಿಯಿತು. ಅಷ್ಟರಲ್ಲಿ ಫೋನು ಕೆಟ್ಟು ಮೂಲೆ ಸೇರಿತ್ತು.

ಅನಾಥಪಿಂಡಿಕನಿಗೆ ಬುದ್ಧರು ಗೃಹಸ್ಥನ ನಾಲ್ಕು ಸುಖಗಳನ್ನು ಹೇಳುವಾಗ ಮೂರನೆಯದಾಗಿ ಅನಣ ಸುಖ ಎಂದಿದ್ದಾರೆ. ಚಿಕ್ಕದಾಗಲಿ ದೊಡ್ಡದಾಗಲಿ ಯಾರಿಗೂ ಸಾಲ ಉಳಿಸಿಕೊಳ್ಳದೆ ಇರುವ ಸುಖ. ಇದನ್ನು ಎಷ್ಟೋ ಸಲ ಓದಿದ್ದೆ. ಅರ್ಥವಾದದ್ದು ಆಕೆಯ ಬರಿಯ ಕಿವಿ ನೋಡಿದಾಗ.

ಇನ್ನು ಬಡ್ಡಿಯಿಲ್ಲದ ಕಂತಿನ ಮಾತು. ಶೂನ್ಯ ಬಡ್ಡಿ ಎಂಬುದೇ ಇಲ್ಲ, ಬಡ್ಡಿಯನ್ನು ಬೇರೆ ಹೆಸರಿನಲ್ಲಿ ಸೇರಿಸುತ್ತಾರೆ ಎಂದು 2013ರಲ್ಲೇ ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಸುತ್ತೋಲೆ ಕಳಿಸಿತ್ತು. ಆದ್ದರಿಂದ ಅಂಗಡಿಯಲ್ಲಿ ಮೊದಲು ಕೇಳಬೇಕಾದದ್ದು ಕಂತು ಎಷ್ಟು ಅಂತಲ್ಲ, ಪೂರ್ತಿ ನಗದು ಕೊಟ್ಟರೆ ಎಷ್ಟಕ್ಕೆ ಕೊಡುತ್ತೀರಿ ಅಂತ. ಆಮೇಲೆ ಪ್ರೊಸೆಸಿಂಗ್ ಶುಲ್ಕ, ವಿಮೆ, ಅದರ ಮೇಲಿನ ಜಿಎಸ್‌ಟಿ, ಕಂತು ತಪ್ಪಿದರೆ ದಂಡ ಎಷ್ಟು ಅಂತ ಬರೆಸಿಕೊಳ್ಳಿ. ಕೇಳಲು ಸಂಕೋಚ ಬೇಡ. 1923ರಲ್ಲಿ ರೂಪಾಯಿಯ ಸಮಸ್ಯೆ ಕುರಿತೇ ದೊಡ್ಡ ಪುಸ್ತಕ ಬರೆದವರ ಮಕ್ಕಳು ನಾವು.

ಹಳೆಯ ಫೋನಿಗೆ ಏನಾಗಿದೆ ಎಂದು ಕೇಳಿದೆ. ಚಾರ್ಜು ಮಧ್ಯಾಹ್ನಕ್ಕೇ ಮುಗಿಯುತ್ತದಂತೆ, ಗಾಜು ಒಡೆದಿದೆಯಂತೆ. ಆಗ ಆನಂದರ ಪ್ರಸಂಗ ನೆನಪಾಯಿತು. ಕೋಸಂಬಿಯ ಉದೇನ ರಾಜನ ರಾಣಿಯರು ಆನಂದರಿಗೆ ಐನೂರು ಚೀವರ ದಾನ ಮಾಡಿದರು. ಇಷ್ಟು ಬಟ್ಟೆ ತಗೊಂಡು ಈತ ಅಂಗಡಿ ಇಡುತ್ತಾನೋ ಎಂದು ರಾಜನಿಗೆ ಅನುಮಾನ. ಬಂದು ಕೇಳಿದ. ಚೀವರ ಹರಿದ ಭಿಕ್ಖುಗಳಿಗೆ ಹಂಚುತ್ತೇವೆ ಎಂದರು. ಹರಿದ ಹಳೆಯದು? ಮೇಲುಹಾಸು. ಹಳೆಯ ಮೇಲುಹಾಸು? ಹಾಸಿಗೆಯ ಗವುಸು. ಅದೂ ಹಳತಾದರೆ ನೆಲಹಾಸು, ಆಮೇಲೆ ಕಾಲೊರೆಸು, ಆಮೇಲೆ ದೂಳು ಹೊಡೆಯುವ ಬಟ್ಟೆ. ಕೊನೆಗೆ ಅದನ್ನೂ ಕುಟ್ಟಿ ಮಣ್ಣಿಗೆ ಕಲಸಿ ನೆಲಕ್ಕೆ ಸಾರಿಸುತ್ತೇವೆ ಎಂದರು. ಬ್ಯಾಟರಿ ಹೋಯಿತೆಂದು ಫೋನನ್ನೇ ಎಸೆಯುವ ನಾವು ಈ ಕಥೆ ಎಷ್ಟು ಸಲ ಕೇಳಿದರೂ ಸಾಲದು.

ಹುಡುಗನಿಗೆ ಹೇಳಿದೆ, "ಅಟ್ಟದ ಮೇಲೆ ಕಾಯಿ ಹತ್ತು ಹನ್ನೊಂದು ತಿಂಗಳು ಕೂತು ಕೊಬ್ಬರಿ ಆಗೋದನ್ನ ನೋಡೋನು ನೀನು. ಎರಡೆರಡು ಸಾವಿರ ಎತ್ತಿಟ್ಟು ಒಂದು ವರ್ಷ ಕಾಯೋಕಾಗಲ್ವಾ?"

"ಅಟ್ಟ ಇರೋರು ಕಾಯ್ತಾರೆ ಮಾವ" ಎಂದ.

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ. ತೋಟವೂ ಅಟ್ಟವೂ ಇಲ್ಲದವರಿಗೆ ತಾಳ್ಮೆ ಬೋಧಿಸುವುದು ಸುಲಭದ ಕೆಲಸ.

ಆದರೂ ಒಂದು ಮಾತು ಕೇಳಲೇಬೇಕಿತ್ತು. "ಗೃಹಲಕ್ಷ್ಮಿ ದುಡ್ಡು ಒಂದೊಂದು ಸಲ ತಿಂಗಳುಗಟ್ಟಲೆ ತಡ ಆಗ್ತದೆ, ಕಂತು ಕಾಯಲ್ಲ. ಅದು ಇರಲಿ. ಅವ್ವನ್ನ ಕೇಳಿದ್ಯಾ?"

ಸುಮ್ಮನಾದ. ಅರ್ಧ ಗಂಟೆ ಹಿಂದೆ ನಾವಿಬ್ಬರೂ ಒಟ್ಟಿಗೆ ಕೂತು ಎರಡನೇ ಶೀಲ ಹೇಳಿದ್ದೆವು: ಅದಿನ್ನಾದಾನಾ ವೇರಮಣಿ. ಕೊಡದೇ ಇದ್ದದ್ದನ್ನು ತೆಗೆದುಕೊಳ್ಳುವುದಿಲ್ಲ ಎಂದು. ಕಳ್ಳತನ ಎಂದೊಡನೆ ಬೇರೆಯವರ ಮನೆಯ ಬೀಗ ನೆನಪಾಗುತ್ತದೆ ನಮಗೆ. ಅವ್ವನ ಖಾತೆ ನೆನಪಾಗುವುದಿಲ್ಲ.

ಬುಧವಾರ ಸಿಕ್ಕಿದ್ದ. ಚನ್ನರಾಯಪಟ್ಟಣಕ್ಕೆ ಹೋಗಿ 1,200 ರೂಪಾಯಿಗೆ ಬ್ಯಾಟರಿ ಹಾಕಿಸಿಕೊಂಡು ಬಂದಿದ್ದಾನೆ. ಒಡೆದ ಗಾಜು ಹಾಗೇ ಇದೆ. ಹೊಸ ಫೋನಿನ ಆಸೆ ಬಿಟ್ಟಿಲ್ಲ, ಬಿಡು ಅಂತ ನಾನೂ ಹೇಳಿಲ್ಲ. ಸೆಕೆಂಡ್ ಹ್ಯಾಂಡ್ ಆದರೂ ನೋಡ್ತೀನಿ ಎಂದ. ಹಾಗೆ ಕೊಳ್ಳುವವರೆಲ್ಲ ಇದೊಂದು ಮಾಡಿ: ಆ ಫೋನಿನಲ್ಲಿ *#06# ಒತ್ತಿದರೆ ಹದಿನೈದು ಅಂಕಿಯ ಐಎಂಇಐ ಸಂಖ್ಯೆ ಬರುತ್ತದೆ. ಅದನ್ನು ಸಂಚಾರ್ ಸಾಥಿ ಆಪ್‌ನಲ್ಲಿ ಹಾಕಿ ನೋಡಿ, ಕದ್ದ ಮಾಲೆಂದು ತಡೆ ಹಾಕಿದ್ದರೆ ಅಲ್ಲೇ ಗೊತ್ತಾಗುತ್ತದೆ. ಬಿಲ್ಲು ಇಸಿದುಕೊಳ್ಳಿ.

ಅವನ ತಾಯಿ ನಿನ್ನೆ ದಾರಿಯಲ್ಲಿ ನಿಲ್ಲಿಸಿ ಹೇಳಿದರು, "ಕೂಲಿ ದುಡ್ಡಲ್ಲಿ ಐನೂರು ತಂದು ನನ್ ಕೈಲಿ ಇಟ್ಟವ್ನೆ ಕಣಣ್ಣ, ಫೋನಿಗೆ ಎತ್ತಿಡವ್ವ ಅಂತ. ನಾನೂ ಅದಕ್ಕೆ ಒಂದಿನ್ನೂರು ಸೇರ್ಸಿಟ್ಟಿವ್ನಿ. ಅವ್ನಿಗೆ ಹೇಳ್ಬ್ಯಾಡಿ."

*ಭವತು ಸಬ್ಬ ಮಂಗಲಂ. ಸಾಧು, ಸಾಧು, ಸಾಧು.*