ಆಟಕ್ಕುಂಟು, ಲೆಕ್ಕಕ್ಕೂ ಉಂಟು

ಬಸವನಗುಡಿಯಲ್ಲಿ ಗಾಲ್ಫ್ ಎಂದರೆ ಜನ ಮೊದಲು ನಗುತ್ತಾರೆ. ಅದೇನಿದ್ದರೂ ಹೈಗ್ರೌಂಡ್ಸ್ ಕಡೆಯವರ ಆಟ. 1876ರಲ್ಲಿ ಶುರುವಾದ ಬೆಂಗಳೂರು ಗಾಲ್ಫ್ ಕ್ಲಬ್ ಇರುವುದು ಅಲ್ಲೇ. ಆದರೂ ನಮ್ಮ ಮನೆ ಮಾಲೀಕರೂ ಸೇರಿ ಇಪ್ಪತ್ತು ಚಿಲ್ಲರೆ ನಿವೃತ್ತರು ಒಂದು ಕೂಟ ಕಟ್ಟಿಕೊಂಡು, ತಿಂಗಳಿಗೆರಡು ಸಲ ಊರಾಚೆಯ ಮೈದಾನವೊಂದಕ್ಕೆ ಹೋಗಿ ಆಡಿ ಬರುತ್ತಾರೆ. ಬೆಳಿಗ್ಗೆ ಐದೂವರೆಗೆ ಗಾಂಧಿಬಜಾರಿನ ಹೂವಿನ ಅಂಗಡಿಗಳ ಮುಂದೆ ಕಾರಿಗೆ ಕಾಯುವ ಇವರನ್ನು ನೋಡಿದರೆ ಯಾರೂ ಗಾಲ್ಫ್ ಆಡುವವರು ಎನ್ನುವುದಿಲ್ಲ. ಮಫ್ಲರ್ ಸುತ್ತಿಕೊಂಡಿರುತ್ತಾರೆ.

ಎರಡು ವರ್ಷದ ಹಿಂದೆ ಮಾಲೀಕರು ಒಂದು ಲೆಡ್ಜರು, ಒಂದು ಚೀಲ ತುಂಬ ಸ್ಕೋರ್ ಕಾರ್ಡು ತಂದು ನನ್ನ ಮೇಜಿನ ಮೇಲಿಟ್ಟರು. "ನಿನಗೆ ಎಕ್ಸೆಲ್ ಬರುತ್ತಲ್ಲಪ್ಪ, ನಮ್ಮ ಹ್ಯಾಂಡಿಕ್ಯಾಪ್ ಲೆಕ್ಕ ಒಂದಿಷ್ಟು ಹಾಕಿಕೊಡು." ನಾನು ಸಂಶೋಧನೆ ಮಾಡುತ್ತಿರುವುದು ನ್ಯಾಯದ ಪರಿಕಲ್ಪನೆಯ ಬಗ್ಗೆ. ಪ್ರಬಂಧದ ಮೂರನೇ ಅಧ್ಯಾಯ ಮುಂದಕ್ಕೆ ಹೋಗದೆ ಕೂತಿದ್ದ ದಿನಗಳವು. ಒಪ್ಪಿಕೊಂಡೆ.

ಗಾಲ್ಫ್ ಗೊತ್ತಿಲ್ಲದವರಿಗೆ ಒಂದು ಮಾತು. ಒಂದು ಮೈದಾನವನ್ನು 72 ಹೊಡೆತದಲ್ಲಿ ಮುಗಿಸಬೇಕು ಎಂದಿಟ್ಟುಕೊಳ್ಳಿ. ನನ್ನ ಹ್ಯಾಂಡಿಕ್ಯಾಪ್ 22 ಆಗಿದ್ದರೆ, ನಾನು 94 ಹೊಡೆದರೂ 22 ಕಳೆದು 72 ಎಂದೇ ಎಣಿಸುತ್ತಾರೆ. ಹೀಗಾಗಿ ಚೆನ್ನಾಗಿ ಆಡುವವನೂ ಸುಮಾರಾಗಿ ಆಡುವವನೂ ಒಂದೇ ಬಹುಮಾನಕ್ಕೆ ನಿಜವಾಗಿಯೂ ಸೆಣಸಬಹುದು. ಚಿಕ್ಕಂದಿನಲ್ಲಿ ನಮ್ಮ ಬೀದಿ ಆಟಗಳಲ್ಲಿ ಪುಟ್ಟ ತಮ್ಮಂದಿರನ್ನು ಸೇರಿಸಿಕೊಳ್ಳುತ್ತಿದ್ದದ್ದು 'ಆಟಕ್ಕುಂಟು ಲೆಕ್ಕಕ್ಕಿಲ್ಲ' ಎಂದು. ಅವನು ಓಡುತ್ತಾನೆ, ಕಿರುಚುತ್ತಾನೆ, ಔಟಾದರೆ ಯಾರೂ ಗಮನಿಸುವುದಿಲ್ಲ. ಅದು ಪ್ರೀತಿ ಇರಬಹುದು, ಆದರೆ ಆ ತಮ್ಮನಿಗೆ ಅದು ಅವಮಾನವೂ ಹೌದು. ನಾನೇ ಆ ತಮ್ಮನಾಗಿದ್ದವನು, ಬಲ್ಲೆ. ಹ್ಯಾಂಡಿಕ್ಯಾಪಿನಲ್ಲಿ ನನಗೆ ಹಿಡಿಸಿದ್ದೇ ಇದು: ಅದು ದುರ್ಬಲನನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ.

ಆ ಪದದ ಹುಟ್ಟೂ ಸ್ವಾರಸ್ಯವಾಗಿದೆ. ಹದಿನೇಳನೇ ಶತಮಾನದ ಇಂಗ್ಲೆಂಡಿನಲ್ಲಿ ಇಬ್ಬರು ವಸ್ತು ಅದಲುಬದಲು ಮಾಡುವಾಗ, ಎರಡರ ಬೆಲೆಗೂ ಎಷ್ಟು ಅಂತರ ಎಂದು ಮೂರನೆಯವನೊಬ್ಬ ಹೇಳುತ್ತಿದ್ದ. ಟೋಪಿಯೊಳಗೆ ಕೈ ಹಾಕಿ ತೆಗೆಯುವುದರಲ್ಲೇ ಒಪ್ಪಿಗೆಯೋ ಇಲ್ಲವೋ ಎಂಬುದನ್ನು ತಿಳಿಸುವುದು ರೂಢಿ. ಮುಂದೆ ಅದು ಕುದುರೆ ಜೂಜಿಗೆ ಬಂತು. ಅಲ್ಲಿ ಗೆಲ್ಲುವ ಕುದುರೆಯ ಬೆನ್ನಿಗೆ ಹೆಚ್ಚು ಭಾರ ಹೇರುತ್ತಾರೆ. ಗಾಲ್ಫಿನಲ್ಲಿ ಬಲವಂತನಿಗೆ ಭಾರವಿಲ್ಲ, ಹಿಂದುಳಿದವನ ಹೊಡೆತದಲ್ಲಿ ಕಳೆಯುತ್ತಾರೆ.

ಹಿಂದುಳಿದವನು ಎಂದ ಕೂಡಲೇ ಹಾಸ್ಟೆಲಿನ ಹಳೆಯ ವಾದವೊಂದು ನೆನಪಾಗುತ್ತದೆ: ಮೀಸಲಾತಿಯೂ ಹ್ಯಾಂಡಿಕ್ಯಾಪೇ ಅಲ್ಲವೇ? ನನಗೆ ಹಾಗನ್ನಿಸುವುದಿಲ್ಲ. ಹ್ಯಾಂಡಿಕ್ಯಾಪು ನೀನು ಯಾಕೆ ಹಿಂದಿದ್ದೀಯ ಎಂದು ಕೇಳುವುದೇ ಇಲ್ಲ. ಮಂಡಿನೋವಿಗೂ ಸೋಮಾರಿತನಕ್ಕೂ ಅದರಲ್ಲಿ ಒಂದೇ ಬೆಲೆ. 1918ರಲ್ಲಿ ಮೈಸೂರು ಸರ್ಕಾರ ನೇಮಿಸಿದ ಮಿಲ್ಲರ್ ಸಮಿತಿಯಿಂದ ಹಿಡಿದು ನಮ್ಮಲ್ಲಿ ನಡೆದ ಚರ್ಚೆಯೆಲ್ಲ ಆ 'ಯಾಕೆ'ಯ ಸುತ್ತಲೇ. ಎರಡನ್ನೂ ಒಂದೇ ತಕ್ಕಡಿಗೆ ಹಾಕಿದರೆ ಎರಡಕ್ಕೂ ಅನ್ಯಾಯ.

ಈಗ ಲೆಕ್ಕಕ್ಕೆ ಬರೋಣ. 2020ರಲ್ಲಿ ಬಂದ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿಯನ್ನೇ ನಮ್ಮ ಕೂಟವೂ ಅನುಸರಿಸುತ್ತದೆ. ಕೊನೆಯ 20 ಆಟಗಳಲ್ಲಿ ಅತ್ಯುತ್ತಮವಾದ 8ನ್ನು ಮಾತ್ರ ತೆಗೆದುಕೊಂಡು ಸರಾಸರಿ ಹಾಕುತ್ತಾರೆ. ಅಂದರೆ ಈ ಅಂಕಿ ಹೇಳುವುದು ನೀವು ಸಾಮಾನ್ಯವಾಗಿ ಹೇಗೆ ಆಡುತ್ತೀರಿ ಎಂಬುದನ್ನಲ್ಲ, ಒಳ್ಳೆಯ ದಿನ ಏನಾಗಬಲ್ಲಿರಿ ಎಂಬುದನ್ನು. ಯಾರಾದರೂ ತನ್ನ ಅಂಕಿಗಿಂತ 7 ಅಥವಾ ಅದಕ್ಕೂ ಹೆಚ್ಚು ಕಡಿಮೆ ಹೊಡೆದರೆ ಅದು ಅಸಾಧಾರಣ ಆಟವೆನಿಸಿ ಹ್ಯಾಂಡಿಕ್ಯಾಪು ತಾನಾಗಿ ಇಳಿಯುತ್ತದೆ. ಇಷ್ಟು ಸಾಲದೆನಿಸಿದರೆ ಸಮಿತಿ ತನ್ನ ವಿವೇಚನೆಯಿಂದ ಇನ್ನೂ ಇಳಿಸಬಹುದು. ಬೇಕೆಂದೇ ಕೆಟ್ಟದಾಗಿ ಆಡಿ, ಅಂಕಿ ಏರಿಸಿಕೊಂಡು, ಕಪ್ಪಿನ ದಿನ ಕೈಚಳಕ ತೋರಿಸುವವರು ಎಲ್ಲ ಊರಲ್ಲೂ ಇರುವುದರಿಂದ ಈ ಏರ್ಪಾಡು.

ಕಳೆದ ವರ್ಷದ ವಾರ್ಷಿಕ ಕಪ್ ಗೆದ್ದವರು ಎನ್.ಆರ್. ಕಾಲೊನಿಯ ಗಣಿತದ ಮೇಷ್ಟ್ರು. ನನ್ನ ಹಾಳೆಯಲ್ಲಿ ಅವರ ಹ್ಯಾಂಡಿಕ್ಯಾಪ್ 22. ಅಂದು ಅವರು ಆಡಿದ್ದು 14ರ ಮಟ್ಟದ ಆಟ. ಎಂಟರ ಅಂತರ. ಮಾಲೀಕರ ಮನೆಯ ಹಜಾರದಲ್ಲಿ ಸಮಿತಿ ಸೇರಿತು. ನಾನು ಲ್ಯಾಪ್‌ಟಾಪ್ ತೆರೆದು ಅಂಕಿ ತೋರಿಸಿದೆ. 'ಮೋಸ' ಎಂಬ ಪದವನ್ನು ಯಾರೂ ಬಳಸಲಿಲ್ಲ. "ಸ್ವಲ್ಪ ಜಾಸ್ತಿ ಕಾಣುತ್ತೆ ಮೇಷ್ಟ್ರೇ" ಎಂದರು ಅಷ್ಟೇ. ಒಂದೇ ಏಟಿಗೆ 16ಕ್ಕೆ ಇಳಿಸಿದರು. ಮೇಷ್ಟ್ರು ತಲೆಯಾಡಿಸಿ, ಕಾಫಿ ಕುಡಿದು, ಲೋಟ ಒಳಗಿಟ್ಟು ಹೋದರು. ಮತ್ತೆ ಆಡಲು ಬರಲಿಲ್ಲ.

ನಾಲ್ಕು ತಿಂಗಳಾದ ಮೇಲೆ, ಆ ಚೀಲವನ್ನು ವಾಪಸು ಕೊಡುವ ಮುಂಚೆ ಒದರಿದಾಗ, ತಳದ ಮಡಿಕೆಯಲ್ಲಿ ಮೂರು ಕಾರ್ಡು ಸಿಕ್ಕವು. ಮೇಷ್ಟ್ರದ್ದೇ. ಮೂರೂ ಒಳ್ಳೆಯ ಆಟಗಳು, 15, 15, 16. ನಾನು ಅವನ್ನು ಏರಿಸಿರಲೇ ಇಲ್ಲ. ಕೂತು ಲೆಕ್ಕ ಹಾಕಿದೆ: ಸೇರಿಸಿದ್ದರೆ ಕಪ್ಪಿನ ದಿನ ಅವರ ಹ್ಯಾಂಡಿಕ್ಯಾಪ್ 19 ಇರುತ್ತಿತ್ತು. ಅಂತರ ಐದೇ. ಅಸಾಧಾರಣವೇನೂ ಆಗುತ್ತಿರಲಿಲ್ಲ.

ನನ್ನ ಅಧ್ಯಾಯದಲ್ಲಿ ನಿಷ್ಪಕ್ಷಪಾತದ ಬಗ್ಗೆ ಮೂವತ್ತು ಪುಟ ಬರೆದಿದ್ದೇನೆ. ಯಾರ ಪರವೂ ಇಲ್ಲದ, ಮುಖ ನೋಡದ ಲೆಕ್ಕವೇ ನ್ಯಾಯದ ಮೊದಲ ಮೆಟ್ಟಿಲು ಎಂದು ವಾದಿಸಿದ್ದೇನೆ. ನನಗೆ ಮೇಷ್ಟ್ರ ಮೇಲೆ ಯಾವ ಪಕ್ಷಪಾತವೂ ಇರಲಿಲ್ಲ, ಅವರ ಮುಖವನ್ನೂ ಸರಿಯಾಗಿ ನೋಡಿರಲಿಲ್ಲ. ಹಾಳೆಯಲ್ಲಿದ್ದದ್ದನ್ನು ಹಾಗೆಯೇ ಓದಿದೆ. ಹಾಳೆ ಸುಳ್ಳು ಹೇಳುತ್ತಿತ್ತು. ಮತ್ತೊಂದು ಸಂಗತಿ ಇನ್ನೂ ಕಾಡಿತು. ಪ್ರತಿ ಕಾರ್ಡಿನ ಮೇಲೂ ಜೊತೆಗೆ ಆಡಿದವರೊಬ್ಬರು ಸಹಿ ಹಾಕಿರಬೇಕು. ಆ ಮೂರರಲ್ಲಿ ಎರಡಕ್ಕೆ ಸಹಿ ಹಾಕಿದ್ದವರು ನಮ್ಮ ಮಾಲೀಕರು. ಮೇಷ್ಟ್ರು ಚೆನ್ನಾಗಿ ಆಡಿದ್ದನ್ನು ಕಣ್ಣಾರೆ ಕಂಡಿದ್ದವರು ಹಜಾರದಲ್ಲಿ ನನ್ನ ಪರದೆಯನ್ನು ನೋಡಿ ತಲೆಯಾಡಿಸಿದ್ದರು. ಕಾರ್ಡು ತೋರಿಸಿದಾಗ ಅವರು ಬಹಳ ಹೊತ್ತು ಕನ್ನಡಕ ಒರೆಸಿದರು. "ಕಂಪ್ಯೂಟರ್‌ನಲ್ಲಿ ಬಂದಿತ್ತಲ್ಲಪ್ಪ, ನನಗೇ ಮರೆತಿರಬೇಕು ಅಂದುಕೊಂಡೆ" ಎಂದರು. ಅದು ನೆಪವಲ್ಲ, ನಿಜವೇ ಇರಬೇಕು. ಆದ್ದರಿಂದಲೇ ನನಗೆ ಭಯವಾಯಿತು.

ಮರುದಿನ ಮೇಷ್ಟ್ರ ಮನೆಗೆ ಹೋದೆ. ನಡೆದದ್ದನ್ನೆಲ್ಲ ಹೇಳಿ, ತಪ್ಪಾಯಿತು ಸರ್ ಎಂದೆ. ಅವರು ಕೇಳಿದ್ದು ಒಂದೇ.

"ಎಷ್ಟು ಬರಬೇಕಿತ್ತು?"

"ಹತ್ತೊಂಬತ್ತು ಸರ್."

ಒಳಗೆ ಹೋಗಿ ಚೌಕುಳಿ ಗೆರೆಯ ನೋಟ್‌ಬುಕ್ ತಂದರು. ತಮ್ಮ ಪ್ರತಿ ಆಟವನ್ನೂ ಅದರಲ್ಲಿ ಗುಂಡಗಿನ ಅಕ್ಷರದಲ್ಲಿ ಬರೆದಿಟ್ಟಿದ್ದರು. ಕಪ್ಪಿನ ಹಿಂದಿನ ದಿನದ ಸಾಲಿನಲ್ಲಿ 19 ಎಂದಿತ್ತು.

"ಮತ್ತೆ ಆವತ್ತು ಯಾಕೆ ಸರ್ ಹೇಳಲಿಲ್ಲ?"

"ನನ್ನ ಮಾತು ನಾನೇ ಹೇಳಿಕೊಂಡರೆ ಅದು ವಾದ ಆಗುತ್ತೆ ಕಣಯ್ಯ. ಸಹಿ ಹಾಕಿದವರು ಎದುರಿಗೇ ಕೂತಿದ್ದರು."

ಹಾಳೆಯಲ್ಲಿ ಈಗ 19 ಎಂದು ತಿದ್ದಿದ್ದೇನೆ. ಸಮಿತಿಯವರು ಹೋಗಿ ಕರೆದೂ ಬಂದಿದ್ದಾರೆ. ಅವರ ಸಾಲಿನಲ್ಲಿ ಹೊಸ ಕಾರ್ಡು ಇನ್ನೂ ಬಂದಿಲ್ಲ.